ಕರಿ ಎಣ್ಣೆ ಮತ್ತು ಒಂದು ಬಲಗೈ

ನನ್ನ ಮೊಮ್ಮಗನ ಬಲಗೈಯ ಹೆಬ್ಬೆರಳೂ ತೋರುಬೆರಳೂ ಇವತ್ತು ಬೆಳಿಗ್ಗೆ ಒಂದಕ್ಕೊಂದು ತಾಗಿದವು. ಇದನ್ನು ಮೊದಲು ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಆಮೇಲೆ. ಸುಮ್ಮನೆ ತಾಗಿದ್ದಲ್ಲ. ಆಸ್ಪತ್ರೆಯ ಮೇಜಿನ ಮೇಲಿಟ್ಟಿದ್ದ ಒಂದು ಶೇಂಗಾ ಬೀಜವನ್ನು ಎತ್ತಿದವು, ಎತ್ತಿ ಬಟ್ಟಲಿಗೆ ಹಾಕಿದವು. ನಾನು ಪಕ್ಕದಲ್ಲೇ ಕೂತಿದ್ದೆ, ಕಣ್ಣಾರೆ ಕಂಡೆ. ಎಷ್ಟು ಹಿಗ್ಗಾಯಿತೆಂದರೆ ಎಲ್ಲಿ ಇಟ್ಟುಕೊಳ್ಳಲಿ ಅದನ್ನು. ಬರುವಾಗ ಬಸ್ಸಿನ ಕಂಡಕ್ಟರಿಗೂ ಹೇಳಿದೆ. ಅವನು, "ಹೌದೇನಜ್ಜಿ, ಬಾಳ ಚಲೋ ಆತು. ಆಧಾರ್ ಕಾರ್ಡ್ ತೋರಿಸ್ರಿ" ಅಂದ. ಮೊಮ್ಮಗ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು, "ಅಜ್ಜಿ, ಊರಿಗೆಲ್ಲ ಡಂಗುರ ಹೊಡೀಬ್ಯಾಡ" ಅಂದ. ಹೊಡೆಯದೆ ಏನು ಮಾಡಲಿ. ಅದಕ್ಕೇ ಈಗ ಬರೆಯುತ್ತ ಕೂತಿದ್ದೇನೆ.

ನಾನು ಬರೆಯುವವಳಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಡಿಸಿದರು. ಕೊಂಬು ದೀರ್ಘ ತಪ್ಪಿದರೆ ಸೊಸೆ ತಿದ್ದಿಕೊಡುತ್ತಾಳೆ. ಶಾಮನೂರಿನಲ್ಲಿ ನಮ್ಮ ಮನೆ. ಮಗ ಲಗೇಜ್ ಆಟೋ ಹೊಡೆಯುತ್ತಾನೆ. ನಮ್ಮ ಯಜಮಾನರು ದಾವಣಗೆರೆಯಲ್ಲಿ ಹತ್ತಿ ಮಿಲ್ಲುಗಳು ನಡೆಯುತ್ತಿದ್ದ ಕಾಲದಲ್ಲಿ ಬಾಯ್ಲರ್ ಮನೆಯ ಕೆಲಸದಲ್ಲಿದ್ದವರು. ಮಿಲ್ಲು ಮುಚ್ಚಿದ ಮೇಲೆ ಊರಂಚಿನ ಕರೂರಿನ ಸಣ್ಣ ಪುಟ್ಟ ಕಾರ್ಖಾನೆಗಳಲ್ಲಿ ಅದೇ ಕೆಲಸ ಮಾಡಿದರು. ಮೊಮ್ಮಗ ಅವರ ಬೆನ್ನು ಹತ್ತಿ ಹೋದ. ಹರಿಹರದ ಹತ್ತಿರ ನೂಲಿಗೆ ಬಣ್ಣ ಹಾಕುವ ಸಣ್ಣ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಆ ಬಾಯ್ಲರ್ ಉರಿಯುತ್ತಿದ್ದದ್ದು ಕರಿ ಎಣ್ಣೆಯಿಂದ.

ಕಾರ್ಖಾನೆಯವರು ಅದಕ್ಕೆ ಫರ್ನೇಸ್ ಆಯಿಲ್ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಕರಿ ಎಣ್ಣೆಯೇ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಯಜಮಾನರ ಅಂಗಿಯನ್ನು ಒಗೆಯುವ ಕಲ್ಲಿನ ಮೇಲೆ ಹರವಿಕೊಂಡು ಕೇಳಿದ್ದೆ.

"ಏನ್ರಿ ಇದು, ಡಾಂಬರೋ ಎಣ್ಣೆಯೋ?"

"ಎರಡೂ ಹೌದು. ಬೆಣ್ಣೆ ಕಾಸಿ ತುಪ್ಪ ಬಸೀತೀಯಲ್ಲ, ತಳದಾಗ ಏನು ಉಳೀತೈತೆ?"

"ಗಸಿ."

"ಹಂಗೇ ಇದೂನು. ಭೂಮಿಯಾಗಿನ ಎಣ್ಣೆ ಕಾಸಿ ಪೆಟ್ರೋಲು, ಸೀಮೆಎಣ್ಣೆ, ಡೀಸಲ್ಲು ಎಲ್ಲಾ ತಗಂಡ ಮ್ಯಾಲೆ ಉಳಿದ ಗಸಿ."

"ತುಪ್ಪದ ಗಸಿ ಬೆಲ್ಲ ಹಾಕ್ಕಂಡು ತಿನ್ನಾಕ ಬರ್ತೈತೆ."

"ಇದನ್ನೂ ತಿಂತೈತೆ ಬಾಯ್ಲರ್. ನಿನಗಿಂತ ಜಾಸ್ತಿ."

ಆ ಗಸಿಯಲ್ಲಿ ಏನೇನಿದೆ ಎಂದು ಆಮೇಲೆ ಒಗೆಯುತ್ತ ಒಗೆಯುತ್ತ ನನಗೇ ತಿಳಿಯಿತು. ಡಾಂಬರಿನಂಥದು ಇದೆ, ಅದು ಉಗುರಿನ ಸಂದಿಗೆ ಹೊಕ್ಕರೆ ವಾರಗಟ್ಟಲೆ ಬಿಡುವುದಿಲ್ಲ. ಮೇಣ ಇದೆ, ಬಟ್ಟೆ ಒಣಗಿದ ಮೇಲೆ ಅದರ ಬಿರುಸು ಕೈಗೆ ಸಿಗುತ್ತದೆ. ಗಂಧಕ ಇದೆ, ಅಂಗಿ ಬಿಚ್ಚಿದರೆ ಕಡ್ಡಿ ಗೀರಿದ ವಾಸನೆ. ಸಣ್ಣ ಮರಳಿನಂಥ ಬೂದಿಯೂ ಇದೆ. ಸೋಪು ಹಚ್ಚಿದರೆ ನಗುತ್ತದೆ ಅದು. ಮೊದಲು ಶೇಂಗಾ ಎಣ್ಣೆ ತಿಕ್ಕಬೇಕು. ಎಣ್ಣೆಯನ್ನು ಎಣ್ಣೆಯೇ ಬಿಡಿಸಬೇಕು. ಆಮೇಲೆ ಸೀಗೆಪುಡಿ, ಆಮೇಲೆ ಸೋಪು. ಮೊದಲು ಗಂಡನ ಬಟ್ಟೆ, ಆಮೇಲೆ ಮೊಮ್ಮಗನ ಬಟ್ಟೆ, ಹೀಗೆ ನನ್ನ ಆಯುಷ್ಯ ಆ ಕಲ್ಲಿನ ಮೇಲೇ ಹೋಯಿತು.

ಆದರೆ ಆ ಎಣ್ಣೆಯಲ್ಲಿ ಇರುವ ಬೆಂಕಿ ಸಾಮಾನ್ಯದ್ದಲ್ಲ. ಗಾಡಿಗಟ್ಟಲೆ ಕಟ್ಟಿಗೆ ಉರಿಸಿದರೆ ಏಳುವ ಆವಿಯನ್ನು ಕೆಲವು ಕೊಡ ಎಣ್ಣೆ ಎಬ್ಬಿಸುತ್ತದೆ ಎಂದು ಯಜಮಾನರು ಹೇಳುತ್ತಿದ್ದರು. ಒಂದೇ ತಕರಾರು, ಅದು ತಾನಾಗಿ ಹರಿಯುವುದಿಲ್ಲ. ಚಳಿಗಾಲದ ಬೆಳಿಗ್ಗೆ ಪೈಪಿನಲ್ಲಿ ಹೆಪ್ಪುಗಟ್ಟಿ ಕೂತಿರುತ್ತದೆ. ಬಿಸಿ ಮಾಡಿದರೆ ಮಾತ್ರ ತೆಳ್ಳಗಾಗಿ, ಸಣ್ಣ ತೂತಿನಿಂದ ಮಂಜಿನ ಹಾಗೆ ಚಿಮ್ಮಿ, ಗಾಳಿಯ ಜೊತೆ ಸೇರಿ ಚೆನ್ನಾಗಿ ಉರಿಯುತ್ತದೆ. ಬಿಸಿ ಕಡಿಮೆಯಾದರೆ ದಪ್ಪ ದಪ್ಪ ಹನಿ ಬಿದ್ದು ಅರ್ಧಂಬರ್ಧ ಉರಿದು, ಚಿಮಣಿಯ ತುಂಬ ಕರಿ ಹೊಗೆ. ಜಾಸ್ತಿಯಾದರೆ ನೊರೆ ಬಂದು ಉಕ್ಕುತ್ತದೆ. ಮೊಮ್ಮಗ ಕೆಲಸಕ್ಕೆ ಸೇರಿದ ಮೇಲೆ ಇದನ್ನೇ ಹಿಡಿದುಕೊಂಡು ನನ್ನನ್ನು ಆಡಿಕೊಳ್ಳುತ್ತಿದ್ದ.

"ಅಜ್ಜಿ, ಆ ಎಣ್ಣೆ ಥೇಟ್ ನಿನ್ನಂಗೆ. ಬೆಳಿಗ್ಗೆ ಬಿಸಿ ಬೀಳದಿದ್ರೆ ಜಾಗ ಬಿಟ್ಟು ಅಲ್ಲಾಡಲ್ಲ."

"ಬಿಸಿ ಜಾಸ್ತಿ ಆದ್ರೆ?"

"ಉಕ್ಕತೈತೆ. ಅದೂ ನಿನ್ನಂಗೆ."

ಅವನಿಗೆ ಆ ಕೆಲಸದ ಮೇಲೆ ಪ್ರೀತಿ ಇತ್ತು. ಉರಿಯ ಬಣ್ಣ ನೋಡಿ ಗಾಳಿ ಹೆಚ್ಚು ಕಡಿಮೆ ಮಾಡುವುದನ್ನು ಅಜ್ಜ ಮೊಮ್ಮಗ ಊಟಕ್ಕೆ ಕೂತಾಗಲೂ ಮಾತಾಡುತ್ತಿದ್ದರು. ನಮ್ಮ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಪಡಸಾಲೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಉಣ್ಣುವುದು ರೂಢಿ. ರೊಟ್ಟಿ ಮುರಿಯುತ್ತ ಅವರಿಬ್ಬರ ಮಾತು ಹೊಗೆ, ಉರಿ, ಎಣ್ಣೆ. ಸೊಸೆ, "ಉಣ್ಣಾ ಹೊತ್ನಾಗೂ ಡಾಂಬರು ತಿಂತೀರಿ" ಎಂದು ಬೈಯುತ್ತಿದ್ದಳು.

ಆಯುಧಪೂಜೆ ಬಂತು. ನಮ್ಮ ಕಡೆ ಆಯುಧಪೂಜೆ ಎಂದರೆ ಮೊದಲು ತೊಳೆಯುವುದು. ಲಾರಿ, ಆಟೋ, ಬೈಕು, ಹೊಲಿಗೆ ಮಷೀನು, ಈಳಿಗೆಮಣೆ, ಎಲ್ಲ ತೊಳೆದು ವಿಭೂತಿ ಬಳಿದರೇ ಪೂಜೆ. ಬಾಯ್ಲರ್ ಮನೆಯಲ್ಲೂ ಹಾಗೇ. ಆವತ್ತು ಉರಿ ಆರಿಸಿ, ಎಲ್ಲ ತಣ್ಣಗಾದ ಮೇಲೆ, ಪೈಪು ಹಿಡಿದು ಗೋಡೆ, ನೆಲ, ಪಂಪು, ಎಣ್ಣೆ ಟ್ಯಾಂಕು ಎಲ್ಲ ತೊಳೆದರು. ಎಣ್ಣೆ ಎಷ್ಟಿದೆ ನೋಡಲೆಂದು ಟ್ಯಾಂಕಿನ ಮೇಲಿನ ಮುಚ್ಚಳ ತೆಗೆದದ್ದು ಹಾಗೇ ಇತ್ತು. ನೀರು ಒಳಗೆ ಹೋಯಿತು. ಯಾರೂ ಗಮನಿಸಲಿಲ್ಲ. ಎಲ್ಲರೂ ಹಬ್ಬದ ಸಡಗರದಲ್ಲಿದ್ದರು, ಹೂ ಕಟ್ಟಿದರು, ಬೂದುಗುಂಬಳ ಒಡೆದರು, ಮಂಡಕ್ಕಿ ಹಂಚಿದರು.

ಸೀಮೆಎಣ್ಣೆಗೆ ನೀರು ಬಿದ್ದರೆ ಭಯವಿಲ್ಲ, ತಳಕ್ಕೆ ಇಳಿಯುತ್ತದೆ, ಕೆಳಗಿನ ನಲ್ಲಿ ತಿರುಗಿಸಿದರೆ ಹೋಗುತ್ತದೆ. ಕರಿ ಎಣ್ಣೆ ಹಾಗಲ್ಲ. ಅದು ಹೆಚ್ಚು ಕಡಿಮೆ ನೀರಿನಷ್ಟೇ ಭಾರ. ತಣ್ಣಗಿದ್ದಾಗಲಂತೂ ನೀರಿನ ಹನಿಗಳು ಬೆಲ್ಲದ ಪಾಕಕ್ಕೆ ಬಿದ್ದ ಇರುವೆಗಳ ಹಾಗೆ ಎಲ್ಲಿವೆಯೋ ಅಲ್ಲೇ ಸಿಕ್ಕಿಕೊಳ್ಳುತ್ತವೆ. ಬಹಳ ಹೊತ್ತು ಬಿಸಿ ಮಾಡಿ ಬಿಟ್ಟರೆ ಮಾತ್ರ ನಿಧಾನಕ್ಕೆ ಇಳಿಯುತ್ತವೆ. ಹಬ್ಬ ಮುಗಿಸಿ ಬಂದ ಮೇಲೆ ಅವನು ರೂಢಿಯಂತೆ ಕೆಳಗಿನ ನಲ್ಲಿ ತಿರುಗಿಸಿ ನೋಡಿದ. ಬರೀ ಎಣ್ಣೆ ಬಂತು. ಸರಿಯಿದೆ ಅಂದುಕೊಂಡ. ಅತ್ತ ನೂಲು ಬಣ್ಣಕ್ಕೆ ಕಾದಿತ್ತು, ಆವಿ ಬೇಗ ಬೇಕೆಂದು ಕೂಗುತ್ತಿದ್ದರು. ಉರಿ ಹಚ್ಚಿದ.

ಉರಿ ಹತ್ತಿತಂತೆ. ಎಣ್ಣೆಯ ಜೊತೆ ನೀರು ಬಂದು, ಒಗ್ಗರಣೆಗೆ ನೀರು ಬಿದ್ದ ಹಾಗೆ ಚಟಚಟ ಅಂದು, ಆರಿಹೋಯಿತಂತೆ. ಉರಿ ಆರಿದರೂ ಎಣ್ಣೆ ಚಿಮ್ಮುವುದು ನಿಲ್ಲಲಿಲ್ಲ. ಬಾಯ್ಲರಿನ ಒಳಗಿನ ಕಾದ ಇಟ್ಟಿಗೆಗಳ ಮೇಲೆ ಬಿದ್ದು ಒಳಗೆಲ್ಲ ಹಬೆಯಾಗಿ ತುಂಬಿಕೊಂಡಿತು. ಅದನ್ನು ಗಾಳಿ ಬಿಟ್ಟು ಹೊರಗೆ ಹಾಕಬೇಕು. ಅವನು ಗಾಳಿ ಬಿಟ್ಟ. ಅದು ಸಾಲಲಿಲ್ಲ. ಮತ್ತೆ ಪಂಜು ಹಿಡಿದು ಬಾಯ್ಲರಿನ ಬಾಗಿಲ ಹತ್ತಿರ ಬಗ್ಗಿದಾಗ ಬೆಂಕಿ ಒಳಗೆ ಹೋಗದೆ ಹೊರಗೆ ಬಂತು. ಬಿಸಿ ಎಣ್ಣೆಯ ಪೈಪೂ ಕಿತ್ತುಕೊಂಡಿತು. ಅವನು ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದ. ಮುಖ ಉಳಿಯಿತು.

ಬಿಸಿ ನೀರು ಬಿದ್ದರೆ ಹರಿದುಹೋಗುತ್ತದೆ. ಕರಿ ಎಣ್ಣೆ ಹರಿದುಹೋಗುವುದಿಲ್ಲ. ಅಂಟಿಕೊಂಡು ಕೂತು ಸುಡುತ್ತಲೇ ಇರುತ್ತದೆ. ಆಸ್ಪತ್ರೆಯಲ್ಲಿ ಮೊದಲ ಸಲ ಅವನ ಕೈ ನೋಡಿದಾಗ, ಆಯುಷ್ಯವೆಲ್ಲ ಆ ಕಲೆ ತೆಗೆದ ನನಗೆ, ಇದು ತೆಗೆಯಲಾಗದ ಕಲೆ ಎಂದು ಗೊತ್ತಾಯಿತು.

ತೊಡೆಯ ಚರ್ಮ ತೆಗೆದು ಕೈಗೆ ಹಚ್ಚಿದರು. ಗಾಯ ಮಾಯಿತು. ಮಾಯುವುದೇ ಕೇಡಾಯಿತು. ಮಾಯುತ್ತ ಮಾಯುತ್ತ ಚರ್ಮ ಬಿಗಿದು ಬೆರಳುಗಳನ್ನು ಒಳಕ್ಕೆ ಎಳೆದುಕೊಂಡಿತು. ಎರಡೂ ಕೈ ಮುಷ್ಟಿ ಕಟ್ಟಿದ ಹಾಗೇ ಗಟ್ಟಿಯಾದವು. ದೊಡ್ಡ ಡಾಕ್ಟರು ನೋಡಿ, "ಎಡಗೈ ಆಸೆ ಬಿಡ್ರಿ. ಬಲಗೈ ನೋಡೋಣ, ಹೇಳಾಕ ಬರಲ್ಲ" ಅಂದರು. ಹೇಳಲು ಬರುವುದಿಲ್ಲ ಎಂದು ಡಾಕ್ಟರು ಅಂದರೆ ಅದರ ಅರ್ಥ ಏನೆಂದು ನಮಗೂ ಗೊತ್ತು.

ಮನೆಗೆ ಬಂದ ಮೇಲೆ ಅವನು ಪಡಸಾಲೆಗೆ ಊಟಕ್ಕೆ ಬರುವುದನ್ನು ಬಿಟ್ಟ. ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ. ಅವನ ತಾಯಿ ತುತ್ತು ಮಾಡಿ ಬಾಯಿಗೆ ಇಡಬೇಕು. ಮೀಸೆ ಬಂದ ಮಗ. ಅವಳು ತುತ್ತು ಇಡುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಆಸ್ಪತ್ರೆಯವರು ಮುಂಗೈಗೆ ಪಟ್ಟಿಯಿಂದ ಕಟ್ಟಿಕೊಳ್ಳುವ ಚಮಚ ಕೊಟ್ಟಿದ್ದರು. ಒಂದು ದಿನ ಕಟ್ಟಿಕೊಂಡು, ಸಾರು ಎದೆಯ ಮೇಲೆಲ್ಲ ಚೆಲ್ಲಿದ ಮೇಲೆ, ಅದನ್ನು ಹಿತ್ತಲಿಗೆ ಎಸೆದ. ಯಾರಾದರೂ ಸಮಾಧಾನ ಹೇಳಲು ಹೋದರೆ ಒಂದೇ ಮಾತು.

"ಮುಚ್ಚಳ ತಗದೋನು ನಾನು."

"ಇರ್ಲಿ ಬಿಡೋ ತಮ್ಮ, ಹಬ್ಬದಾಗ ಎಲ್ರೂ ತೊಳೀತಾರ."

"ಎಲ್ರೂ ತೊಳೀತಾರ ಅಜ್ಜಿ. ಮುಚ್ಚಳ ತಗದೋನು ನಾನು."

ಯಜಮಾನರು ಒಂದು ಸಲ ಹರಿಹರಕ್ಕೆ ಹೋಗಿ ಕಾರ್ಖಾನೆ ನೋಡಿಕೊಂಡು ಬಂದರು. ಅಲ್ಲಿ ಈಗ ಎಣ್ಣೆಯ ಬದಲು ಗ್ಯಾಸು ಬಂದಿದೆ. "ಟ್ಯಾಂಕು ಕೊಯ್ದು ಗುಜರಿಗೆ ಹಾಕ್ಯಾರ" ಎಂದು ನನಗೊಬ್ಬಳಿಗೆ ಹೇಳಿದರು. "ತಳದ ರಾಡಿ ಮಾತ್ರ ಹಂಗೇ ಐತೆ. ಉರಿಸಾಕೂ ಬರಲ್ಲ, ಚೆಲ್ಲಾಕೂ ಬರಲ್ಲ. ನಮ್ಮ ಹುಡುಗಂಗೆ ಇನ್ನ ಆ ಕೆಲಸ ಇಲ್ಲ ಕಣೇ. ಕೈ ಸರಿ ಆದ್ರೂ ಇಲ್ಲ." ಅವರು ಮೊದಲೆಲ್ಲ ಹಾಗೆ ಮಾತಾಡಿದವರಲ್ಲ. ನನಗೂ ಒಳಗೆ ನಂಬಿಕೆ ಬತ್ತಿಹೋಗಿತ್ತು. ಹರಕೆ ಕಟ್ಟಿಕೊಳ್ಳಲಿಕ್ಕೂ ಮನಸ್ಸು ಏಳಲಿಲ್ಲ. ತೊಳೆಯಲು ಎಣ್ಣೆಯ ಬಟ್ಟೆ ಬರದೆ ಬಚ್ಚಲ ಕಲ್ಲು ಬೆಳ್ಳಗಾಗಿತ್ತು, ಅದನ್ನು ನೋಡಲೂ ಆಗುತ್ತಿರಲಿಲ್ಲ.

ಗಾಯ ಪೂರ್ತಿ ಒಣಗಿದ ಮೇಲೆ ಕೈಗೆ ವ್ಯಾಯಾಮ ಮಾಡಿಸುವ ವಿಭಾಗಕ್ಕೆ ಕಳಿಸಿದರು. ಅಲ್ಲಿ ಒಬ್ಬ ಹುಡುಗಿ, ನಮ್ಮ ಮೊಮ್ಮಗನ ವಯಸ್ಸಿನವಳೇ ಇರಬೇಕು, ಬಹಳ ಚುರುಕು. ನಾನು ಡಾಕ್ಟರಮ್ಮ ಅನ್ನುತ್ತೇನೆ. ಒಂದು ಸ್ಟೀಲ್ ಡಬ್ಬಿಯಲ್ಲಿ ಬಿಳೀ ಮೇಣ ಕರಗಿಸಿ ಇಟ್ಟಿರುತ್ತಾಳೆ. ಅದರಲ್ಲಿ ಕೈ ಅದ್ದಿ ತೆಗೆದು, ಮತ್ತೆ ಅದ್ದಿ ತೆಗೆದು ಮಾಡಿದರೆ ಕೈಗೆ ಮೇಣದ ಚೀಲ ತೊಡಿಸಿದ ಹಾಗಾಗುತ್ತದೆ. ಆ ಬಿಸಿ ಒಳಗಿಳಿದು ಬಿಗಿದ ಚರ್ಮ ಮೆತ್ತಗಾಗುತ್ತದೆ. ಆಗ ಬೆರಳು ಎಳೆದು ಬಿಡಿಸಬೇಕು.

ಮೊಮ್ಮಗ ಡಬ್ಬಿಯ ಒಳಗೆ ಬಗ್ಗಿ ನೋಡಿ ಕೇಳಿದ.

"ಇದು ಯಾವ ಮೇಣ ಮೇಡಂ? ಜೇನಿಂದಾ?"

"ಅಲ್ಲ ಅಣ್ಣ, ಪೆಟ್ರೋಲಿಯಂದು. ಕಚ್ಚಾ ಎಣ್ಣೆಯಿಂದ ತೆಗೀತಾರೆ."

ಅವನು ಕೈ ಹಿಂದಕ್ಕೆ ಎಳೆದುಕೊಂಡ. "ಅದೇ ಎಣ್ಣೆ" ಎಂದು ನನ್ನ ಕಡೆ ತಿರುಗಿದ. "ಚಳಿಗೆ ಪೈಪಿನಾಗ ಹೆಪ್ಪುಗಟ್ಟತೈತೆ ಅಂತಿದ್ನಲ್ಲ ಅಜ್ಜಿ, ಅದನ್ನ ಹೆಪ್ಪುಗಟ್ಟಸೋದು ಇದೇ ಮೇಣ. ನಾನು ಇಡಲ್ಲ."

ಎಷ್ಟು ಹೇಳಿದರೂ ಇಡಲಿಲ್ಲ. ಮರುದಿನವೂ ಇಡಲಿಲ್ಲ. ಡಬ್ಬಿಯಿಂದ ಏಳುವ ಬಿಸಿ ಮುಖಕ್ಕೆ ತಾಗಿದರೆ ಅವನಿಗೆ ಮೈ ಬೆವರುತ್ತಿತ್ತು. ಡಾಕ್ಟರಮ್ಮ, "ಬಲವಂತ ಮಾಡಬ್ಯಾಡ್ರಿ ಅಜ್ಜಿ. ಆದ್ರೆ ತಡ ಆದಷ್ಟೂ ಕೈ ಇನ್ನೂ ಬಿಗೀತದೆ" ಎಂದಳು. ಮೂರನೇ ಸಲ ಹೋದಾಗ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅವನ ಮೇಲೋ, ಎಣ್ಣೆಯ ಮೇಲೋ, ದೇವರ ಮೇಲೋ ಗೊತ್ತಿಲ್ಲ. ಬಳೆ ಮೇಲೆ ಸರಿಸಿ ನನ್ನ ಕೈಯನ್ನೇ ಡಬ್ಬಿಗೆ ಅದ್ದಿದೆ.

"ಅಜ್ಜಿ, ನಿಮಗ್ಯಾರು ಬರೆದುಕೊಟ್ರು?" ಎಂದಳು ಡಾಕ್ಟರಮ್ಮ.

"ನಂದೂ ಗೆಣ್ಣು ನೋಯ್ತಾವು ತಾಯಿ. ಇವನ ಪಾಳಿ ಖಾಲಿ ಐತಲ್ಲ, ನಾನು ತಗಂತೀನಿ."

ಅವಳು ಬುದ್ಧಿವಂತೆ. ನನ್ನ ಮುಖ ನೋಡಿ, ಅವನ ಮುಖ ನೋಡಿ, ಸುಮ್ಮನೆ ನನ್ನ ಕೈಗೆ ಟವೆಲ್ ಸುತ್ತಿದಳು. ಹೀಗೆ ಕೆಲವು ದಿನ ಮೊಮ್ಮಗನ ಪಾಳಿಯಲ್ಲಿ ಅಜ್ಜಿ ಮೇಣ ಹಾಕಿಸಿಕೊಂಡಳು, ಮೊಮ್ಮಗ ಪಕ್ಕದಲ್ಲಿ ಕೂತು ನೋಡಿದ. ಆ ಮೇಣ ಬೆಚ್ಚಗೆ, ಹೆತ್ತ ತಾಯಿ ಕೈ ಹಿಡಿದುಕೊಂಡ ಹಾಗಿರುತ್ತದೆ, ಸುಳ್ಳಲ್ಲ. ಮನೆಯಲ್ಲಿ ಯಜಮಾನರು, "ಅಜ್ಜಿ ಕೈ ನೋಡ್ರಪ್ಪ, ಮದುವಣಗಿತ್ತಿ ಕೈ ಆಗೈತೆ" ಎಂದು ಆಡಿಕೊಂಡರು. ಅದಕ್ಕೆ ಒಳಕೋಣೆಯಿಂದ, "ಹಂಗಾದ್ರೆ ಇನ್ನೊಂದು ಮದುವೆ ಮಾಡ್ರಿ" ಎಂಬ ಮಾತು ಬಂತು. ಎಷ್ಟು ಕಾಲದ ಮೇಲೆ ಬಂದ ಕುಚೋದ್ಯ ಅದು. ಸೊಸೆ ಒಲೆಯ ಮುಂದೆಯೇ ಕಣ್ಣು ಒರೆಸಿಕೊಂಡಳು.

ಅದಾದ ಮೇಲೆ ಒಂದು ದಿನ ನಾನು ಮೇಣ ಬಿಡಿಸಿಕೊಳ್ಳುತ್ತಿದ್ದಾಗ ಅವನು ಡಾಕ್ಟರಮ್ಮನನ್ನು, "ಇದರ ಬಿಸಿ ಎಷ್ಟು ಇಡ್ತೀರಿ?" ಎಂದು ಕೇಳಿದ. ಅವಳು ಡಬ್ಬಿಯ ಪಕ್ಕದ, ಬಿಸಿ ತೋರಿಸುವ ಮುಳ್ಳು ತೋರಿಸಿದಳು. ಅವನು ಬಾಯ್ಲರಿನವನ ಹಾಗೆ ಅದನ್ನು ಬಹಳ ಹೊತ್ತು ನೋಡಿದ. "ಇದಕ್ಕಿಂತ ಮ್ಯಾಲೆ ಹೋಗಲ್ಲಲ್ಲ?" ಎಂದ. ಹೋಗುವುದಿಲ್ಲ ಎಂದಳು. ಬಲಗೈ ಅದ್ದಿದ. ಕಣ್ಣಲ್ಲಿ ನೀರು ಧಾರೆ ಸುರಿಯಿತು, ಕೈ ಮಾತ್ರ ತೆಗೆಯಲಿಲ್ಲ.

ಆಮೇಲೂ ಏನೂ ಆಗಲಿಲ್ಲ. ಇದನ್ನು ಬರೆಯಬೇಕು, ಇಲ್ಲದಿದ್ದರೆ ಮೇಣ ಹಚ್ಚಿದ ಕೂಡಲೇ ಕೈ ಅರಳಿತೆಂದು ಓದಿದವರು ತಿಳಿದಾರು. ಹೋಗುವುದು, ಅದ್ದುವುದು, ಎಳೆಯುವುದು, ಅವನು ಹಲ್ಲು ಕಚ್ಚುವುದು, ಬರುವುದು. ಬೆಳಿಗ್ಗೆ ಬಿಡಿಸಿದ ಕೈ ಸಂಜೆಗೆ ಮತ್ತೆ ಬಿಗಿಯುತ್ತಿತ್ತು. ತಣ್ಣಗಾದರೆ ಹೆಪ್ಪುಗಟ್ಟುವುದು ಅದರ ಜಾತಿ. ಬಿಡುವು ಕೊಟ್ಟರೆ ಮೊದಲಿನ ಜಾಗಕ್ಕೇ ಬಂದು ನಿಲ್ಲುತ್ತಿತ್ತು. ಎಷ್ಟೋ ಸಲ ಬಸ್ ಸ್ಟಾಪಿನಲ್ಲಿ ಕೂತು, ಇದೆಲ್ಲ ಯಾಕೆ, ಈ ಮಗುವಿಗೆ ಯಾಕೆ ಇಷ್ಟು ನೋವು ಕೊಡುವುದು ಎಂದು ವಾಪಸು ಹೋಗಿಬಿಡೋಣ ಅನಿಸುತ್ತಿತ್ತು. ಅವನೇ, "ಬಸ್ ಬಂತು ಏಳಜ್ಜಿ" ಅನ್ನುತ್ತಿದ್ದ. ಆಸೆಯಿಂದ ಅಲ್ಲ, ಬೇರೆ ಎಲ್ಲಿಗೂ ಹೋಗುವುದಿರಲಿಲ್ಲ ಅವನಿಗೆ.

ಇವತ್ತು ಡಾಕ್ಟರಮ್ಮ ಶೇಂಗಾ ಬೀಜ ಇಟ್ಟಾಗ ನಾನು ಬೇರೆ ಕಡೆ ನೋಡುತ್ತಿದ್ದೆ. ದಿನಾ ಇಡುತ್ತಾಳೆ, ದಿನಾ ಜಾರುತ್ತದೆ, ಅದನ್ನು ನೋಡುವುದು ಬೇಡವೆಂದು. ಅವಳು, "ಅಜ್ಜಿ, ಇಲ್ಲಿ ನೋಡ್ರಿ" ಅಂದಾಗ ತಿರುಗಿದೆ. ಆಮೇಲಿನದು ಮೊದಲೇ ಹೇಳಿದ್ದೇನೆ. ಅವಳು ಇನ್ನೊಂದು ಮಾತನ್ನೂ ಹೇಳಿದಳು, ಅದನ್ನು ನಾನು ಕಂಡಕ್ಟರಿಗೆ ಹೇಳಲಿಲ್ಲ. ಈ ಎರಡು ಬೆರಳು ಬಂದಿವೆ, ಉಳಿದ ಮೂರು ಇಷ್ಟೇ ಇರಬಹುದು. ಎಡಗೈ ಇನ್ನು ತೆರೆಯುವುದಿಲ್ಲ. ಈ ಎರಡನ್ನೂ ಬದುಕಿರುವವರೆಗೂ ದಿನಾ ಬಿಸಿ ಮಾಡಿ ಎಳೆಯುತ್ತಿರಬೇಕು, ಬಿಟ್ಟರೆ ಇವೂ ಹೋಗುತ್ತವೆ.

ಮನೆಗೆ ಬಂದು ಹೇಳಿದಾಗ ಯಜಮಾನರು, "ಎರಡು ಬೆರಳಿಂದ ಏನಾಗತೈತೆ?" ಎಂದರು.

"ತುತ್ತು ಆಗತೈತೆ" ಎಂದೆ.

ಸಂಜೆ ಸೊಸೆ ರೊಟ್ಟಿ ಬಡಿದಳು, ಎಣ್ಣೆಗಾಯಿ ಪಲ್ಯ ಮಾಡಿದಳು. ಮಗ ಆಟೋ ಬೇಗ ನಿಲ್ಲಿಸಿ ಬಂದ. ಪಡಸಾಲೆಯಲ್ಲಿ ತಟ್ಟೆ ಹಾಕಿದೆವು. ಅವನನ್ನು ಯಾರೂ ಕರೆಯಲಿಲ್ಲ, ಕರೆಯಲು ಧೈರ್ಯ ಸಾಲಲಿಲ್ಲ. ತಟ್ಟೆ ಮಾತ್ರ ಒಂದು ಹೆಚ್ಚು ಇಟ್ಟಳು ಅವನ ತಾಯಿ. ನಾವು ಉಣ್ಣಲು ಸುರು ಮಾಡಿದ ಮೇಲೆ ಅವನು ಬಂದು ಅಜ್ಜನ ಪಕ್ಕ ಕೂತ. ರೊಟ್ಟಿ ಮುರಿಯಲು ಒಂದು ಕೈ ಸಾಲದು. ಅಜ್ಜ ರೊಟ್ಟಿಯ ಒಂದು ಅಂಚು ಒತ್ತಿ ಹಿಡಿದರು, ಅವನು ಇನ್ನೊಂದು ಅಂಚನ್ನು ಎರಡು ಬೆರಳಿನಲ್ಲಿ ಎಳೆದ. ಮೊದಲ ಚೂರು ಜಾರಿ ಪಲ್ಯದಲ್ಲಿ ಬಿತ್ತು. ಎರಡನೆಯದು ಬಾಯಿಗೆ ಹೋಯಿತು. ನಾವೆಲ್ಲ ನಮ್ಮ ನಮ್ಮ ತಟ್ಟೆ ನೋಡಿಕೊಂಡು ಉಂಡೆವು.

"ಖಾರ ಜಾಸ್ತಿ ಆಗೈತೆ" ಎಂದ ಅವನು.

"ಮಾಡಿದ್ದು ಉಣ್ಣು" ಎಂದಳು ಅವನ ತಾಯಿ, ಮೊದಲಿನ ದಿನಗಳ ಹಾಗೆ.

ಮಗ ಮೊಸರಿನ ಬಟ್ಟಲು ಅವನ ಕಡೆ ಸರಿಸಿದ. ಎಡಗೈ ಅವನ ತೊಡೆಯ ಮೇಲೆ ಮುಚ್ಚಿಕೊಂಡೇ ಇತ್ತು. ಬಹಳ ಹೊತ್ತು ಹಿಡಿಯಿತು ಅವನಿಗೆ, ನಮ್ಮ ತಟ್ಟೆಗಳು ಒಣಗಿಹೋದವು, ಒಬ್ಬರೂ ಏಳಲಿಲ್ಲ.